ಮೂರು ಕಾಲದ ಕಥೆ, ಒಂದೂವರೆ ಕಾಲದ ದುಡ್ಡು: ಸ್ವತಂತ್ರ ವೆಬ್ ಸರಣಿಗೆ ಯಾವ ಕಟ್ಟು?

"ಸಾರ್, ಕಥೇಲಿ ಮೂರು ಟೈಮ್‌ಲೈನ್ ಇದೆ" ಎಂದು ಯಾರಾದರೂ ಕಣ್ಣರಳಿಸಿ ಹೇಳಿದರೆ ನಾನು ಮೊದಲು ಕೇಳುವುದು ಇಷ್ಟೇ: ಹಳೆಯ ಕಾಲದಲ್ಲಿ ರಸ್ತೆ ಎಷ್ಟು ಸಲ ಕಾಣುತ್ತದೆ? ಕೇಳಿದ ಕೂಡಲೇ ಎದುರಿಗಿದ್ದವರ ಮುಖ ಸಪ್ಪಗಾಗುತ್ತದೆ. ರಸ್ತೆ ಕಂಡರೆ ಗಾಡಿ ಬೇಕು, ಗಾಡಿಗೆ ಆ ಕಾಲದ ನಂಬರ್ ಪ್ಲೇಟ್ ಬೇಕು, ಹಿಂದಿನ ಅಂಗಡಿಯ ಫ್ಲೆಕ್ಸ್ ತೆಗೆಸಬೇಕು, ಕರೆಂಟ್ ಕಂಬದ ಎಲ್‌ಇಡಿ ದೀಪ ಮುಚ್ಚಬೇಕು. ಚಿತ್ರಕಥೆಯಲ್ಲಿ ಅದು ಒಂದೇ ಸಾಲು: "1963, ಊರ ಬೀದಿ, ಬೆಳಗ್ಗೆ."

ಹಲವು ಕಾಲಗಳ ಕಥೆಯನ್ನು ಬರೆಯುವುದು ಸಾಹಿತ್ಯದ ಆಯ್ಕೆ ಅಂತ ನಾವೆಲ್ಲ ಅಂದುಕೊಂಡಿರುತ್ತೇವೆ. ದೊಡ್ಡ ಸ್ಟುಡಿಯೋದವರಿಗೆ ಹಾಗಿರಬಹುದು. ಕೈಸಾಲ, ಗೆಳೆಯರ ಚಂದಾ, ಯಾರದೋ ಅಣ್ಣನ ತೋಟದ ಮನೆ ಇಷ್ಟನ್ನು ನಂಬಿ ಹೊರಟ ತಂಡಕ್ಕೆ ಅದು ಮೊದಲು ಪ್ರೊಡಕ್ಷನ್ ಮ್ಯಾನೇಜರ್ ಜೊತೆ ಕೂತು ಮಾಡಬೇಕಾದ ಆಯ್ಕೆ. ಕಾಲವನ್ನು ಹೆಣೆಯಲು ಇರುವ ಬೇರೆ ಬೇರೆ ಕಟ್ಟುಗಳನ್ನು ಇಲ್ಲಿ ಪಕ್ಕಪಕ್ಕ ಇಟ್ಟು ನೋಡಿದ್ದೇನೆ. ಎಲ್ಲಕ್ಕೂ ಸಮಾನ ಮರ್ಯಾದೆ ಕೊಟ್ಟಿಲ್ಲ. ಕೆಲವು ನನಗೆ ಇಷ್ಟ, ಕೆಲವಕ್ಕೆ ನಾನು ಬೆರಳು ಸುಟ್ಟುಕೊಂಡವನು.

ಗಾಳಿಯಲ್ಲಿ ಮಾತಾಡುವುದು ಬೇಡ, ಒಂದು ಕಥೆ ಇಟ್ಟುಕೊಳ್ಳೋಣ. ಶರಾವತಿ ಹಿನ್ನೀರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಸಾಗರ ಸೀಮೆಯ ಊರುಗಳು ಮುಳುಗಿದವು. ಅದಕ್ಕೂ ಮೊದಲು, 1948ರಲ್ಲಿ ಮುಗಿದಿದ್ದ ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟೆಯೂ ಅದೇ ನೀರಿನಡಿ ಹೋಯಿತು. ಬೇಸಿಗೆಯಲ್ಲಿ ನೀರು ಇಳಿದಾಗ ಅದು ಮತ್ತೆ ಮೇಲೆದ್ದು ಕಾಣುತ್ತದೆ. ಕಾಲಗಳ ಕಥೆ ಬರೆಯುವವನಿಗೆ ಇದಕ್ಕಿಂತ ದೊಡ್ಡ ಉಡುಗೊರೆ ಇಲ್ಲ, ಭೂಮಿಯೇ ಫ್ಲ್ಯಾಶ್‌ಬ್ಯಾಕ್ ತೋರಿಸುತ್ತಿದೆ. ನಮ್ಮ ಕಥೆಯಲ್ಲಿ 1963ರಲ್ಲಿ ಒಬ್ಬ ಹೆಂಗಸು ಲಾರಿ ಹತ್ತಿ ಊರು ಬಿಡುತ್ತಾಳೆ. 1994ರಲ್ಲಿ ಅವಳ ಮಗ ಹಿನ್ನೀರು ದಾಟಿಸುವ ಲಾಂಚಿನಿಂದ ಇಳಿದವನು ಮನೆ ಸೇರುವುದಿಲ್ಲ. 2025ರಲ್ಲಿ ಮೊಮ್ಮಗಳು ಜಾಗದ ಹಕ್ಕುಪತ್ರಕ್ಕಾಗಿ ಕಚೇರಿ ಅಲೆಯುತ್ತ ಒಂದು ಹಳೆಯ ಕಾಗದದ ಬೆನ್ನು ಹತ್ತುತ್ತಾಳೆ. ಆರು ಕಂತು, ಒಂದೊಂದು ಇಪ್ಪತ್ತೈದು ನಿಮಿಷ.

ಕಟ್ಟುಗಳು: ಚೌಕಟ್ಟು, ಜಡೆ, ಕಂತಿಗೊಂದು ಕಾಲ, ಮುಚ್ಚಿಟ್ಟ ಕಾಲ

ಎಲ್ಲಕ್ಕಿಂತ ಅಗ್ಗವಾದದ್ದು ಚೌಕಟ್ಟು. ಈಗ ಒಬ್ಬರು ಕೂತು ಹೇಳುತ್ತಾರೆ, ಆಗ ನಡೆದದ್ದು ನಮಗೆ ಕಾಣುತ್ತದೆ. ನಮ್ಮ ಅಜ್ಜಿ ಕಥೆಗಳೆಲ್ಲ ಹೀಗೇ. ಮೊಮ್ಮಗಳು ಮೊಬೈಲ್ ರೆಕಾರ್ಡರ್ ಆನ್ ಮಾಡಿ ಅಜ್ಜಿಯ ಮುಂದಿಟ್ಟರೆ ಮುಗಿಯಿತು. ಹಳೆಯ ಕಾಲ ಎಷ್ಟು ಬೇಕೋ ಅಷ್ಟೇ ತೋರಿಸಬಹುದು, ದುಡ್ಡು ಮುಗಿದರೆ ಉಳಿದದ್ದನ್ನು ಅಜ್ಜಿಯ ಮುಖದ ಮೇಲೇ ಹೇಳಿಸಬಹುದು. ಕೊನೆಯ ಈ ಸೌಲಭ್ಯ ಬೇರೆ ಯಾವ ಕಟ್ಟಿಗೂ ಇಲ್ಲ. ತೊಂದರೆಯೂ ಇಲ್ಲೇ ಇದೆ: ಹೇಳುವವಳು ಎದುರಿಗೆ ಕೂತಿರುವಾಗ ಅವಳಿಗೆ ಆಗ ಏನಾಯಿತೋ ಎಂಬ ಆತಂಕ ಯಾರಿಗೂ ಇರುವುದಿಲ್ಲ.

ಪರಿಹಾರವೆಂದರೆ ಹೇಳುವವರು ಸುಳ್ಳು ಹೇಳಬೇಕು. 2014ರ ಅಮೆರಿಕದ ಸರಣಿ 'ಟ್ರೂ ಡಿಟೆಕ್ಟಿವ್' ಮೊದಲ ಸೀಸನ್ ನೋಡಿ. 2012ರಲ್ಲಿ ಇಬ್ಬರು ಮಾಜಿ ಪತ್ತೇದಾರರು ವಿಚಾರಣೆಯ ಮೇಜಿನ ಮುಂದೆ ಕೂತು 1995ರ ಪ್ರಕರಣ ಹೇಳುತ್ತಾರೆ. ಅರ್ಧ ದಾರಿ ದಾಟಿದ ಮೇಲೆ ಅವರ ಬಾಯಿ ಹೇಳುತ್ತಿರುವುದು ಒಂದು, ಪರದೆ ತೋರಿಸುತ್ತಿರುವುದು ಇನ್ನೊಂದು. ಆ ಬಿರುಕು ತೆರೆಯಲು ಬೇಕಾದದ್ದು ಒಂದು ಕೋಣೆ, ಒಂದು ಕ್ಯಾಮೆರಾ, ಇಬ್ಬರು ಒಳ್ಳೆಯ ನಟರು. ಅವರ ಬಜೆಟ್ ನಮ್ಮದಲ್ಲ, ಆದರೆ ಆ ಕೋಣೆ ನಮ್ಮ ಕೈಗೂ ಎಟುಕುತ್ತದೆ. ನಮ್ಮ ಅಜ್ಜಿ ಕಾಗದವನ್ನು ತಾನೇ ಹರಿದದ್ದನ್ನು ಮೂರನೇ ಕಂತಿನವರೆಗೆ ಮುಚ್ಚಿಟ್ಟಳೆನ್ನಿ, ಚೌಕಟ್ಟು ಬಿಗಿಯಾಗುತ್ತದೆ.

ಜಡೆ ಎಂದರೆ ಎರಡೋ ಮೂರೋ ಎಳೆ ಪ್ರತಿ ಕಂತಿನಲ್ಲೂ ಒಂದರ ಮೇಲೊಂದು ಬರುವುದು. ಬರಹಗಾರರಿಗೆಲ್ಲ ಇದೇ ಬೇಕು, ನನಗೂ ಬೇಕಿತ್ತು. ಜಡೆ ನಿಲ್ಲುವುದು ಎಳೆಗಳು ಸಮ ಇದ್ದಾಗ ಮಾತ್ರ. ಒಂದು ಸಡಿಲವಾದರೆ ನೋಡುವವರು ಆ ಭಾಗವನ್ನು ಬೆರಳಲ್ಲಿ ಮುಂದಕ್ಕೆ ತಳ್ಳುತ್ತಾರೆ. ಯೂಟ್ಯೂಬಿನಲ್ಲಿ ಎರಡು ಸಲ ತಟ್ಟಿದರೆ ಹತ್ತು ಸೆಕೆಂಡು ಹಾರುತ್ತದೆ, ಅವರಿಗೇನು? ನಾನು ಹಿಂದೆ ಕೆಲಸ ಮಾಡಿದ ಒಂದು ಸರಣಿಯಲ್ಲಿ ಹಳೆಯ ಕಾಲದ ಎಳೆ ಎಷ್ಟು ಚೆನ್ನಾಗಿತ್ತೆಂದರೆ, ವರ್ತಮಾನ ಬಂದಾಗಲೆಲ್ಲ ಜನ ಚಹಾ ತರಲು ಏಳುತ್ತಿದ್ದರು. ವರ್ತಮಾನದಲ್ಲಿ ಒಬ್ಬಳು ಹುಡುಗಿ ಬರೀ ಹುಡುಕುತ್ತಿದ್ದಳು. ಅವಳಿಗೆ ಕಳೆದುಕೊಳ್ಳುವಂಥದ್ದು ಏನೂ ಇರಲಿಲ್ಲ.

ಜಡೆ ಆರಿಸಿಕೊಳ್ಳುವ ಮುಂಚೆ ಒಂದು ಪರೀಕ್ಷೆ ಮಾಡಿ. ಪ್ರತಿ ಕಾಲದ ದೃಶ್ಯಗಳನ್ನು ಬೇರೆ ಮಾಡಿ, ಅದೊಂದೇ ಕಥೆ ಎಂಬಂತೆ ನೇರವಾಗಿ ಓದಿ. ನೀರಸ ಅನ್ನಿಸಿತೋ, ಹೆಣೆದರೂ ನೀರಸವೇ. ಹೆಣಿಗೆ ಅದನ್ನು ಮುಚ್ಚಿಡುತ್ತದೆ ಎಂದು ನಂಬಿ ನಾವು ಎಂಟು ತಿಂಗಳು ಕಳೆದೆವು. ಆಮೇಲೆ, ಕಾಲ ದಾಟುವ ಪ್ರತಿ ಜಾಗದಲ್ಲೂ ಏನಾದರೊಂದು ಈ ದಡದಿಂದ ಆ ದಡಕ್ಕೆ ಹೋಗುತ್ತಿರಬೇಕು. ಬೀಗದ ಕೈಯಿಂದ ಬೀಗದ ಕೈಗೆ ಕಟ್ ಮಾಡುವಂಥ ದೃಶ್ಯದ ಹೋಲಿಕೆ ಸಾಲದು, ಅದು ಅಲಂಕಾರ. ದಾಟಬೇಕಾದದ್ದು ಪ್ರಶ್ನೆ. 2025ರಲ್ಲಿ ಮೊಮ್ಮಗಳು ಭೂಮಿ ಹುಣ್ಣಿಮೆಯ ಚಿತ್ತಾರದ ಬುಟ್ಟಿಯ, ಅಂದರೆ ಭೂಮಣ್ಣಿ ಬುಟ್ಟಿಯ, ತಳದಲ್ಲಿ ಹರಿದ ಕಾಗದದ ಅರ್ಧ ಕಾಣುತ್ತಾಳೆ, 1963ರ ದೃಶ್ಯದಲ್ಲಿ ಅದೇ ಬುಟ್ಟಿಗೆ ಹೊಸದಾಗಿ ಚಿತ್ತಾರ ಬರೆಯುತ್ತಿದ್ದಾರೆ, ಪಕ್ಕದಲ್ಲಿ ಕಾಗದ ಇಡೀ ಇದೆ. ಹರಿದವರು ಯಾರು ಎಂಬುದು ದಾಟಿತು. ಇನ್ನು ನೋಡುವವರು ಎದ್ದು ಹೋಗುವುದಿಲ್ಲ.

ಕಂತಿಗೊಂದು ಕಾಲ ಎಂಬ ಮೂರನೆಯ ಕಟ್ಟನ್ನು ನಮ್ಮ ಬರಹಗಾರರು ಯಾಕೋ ಗಣನೆಗೇ ತೆಗೆದುಕೊಳ್ಳುವುದಿಲ್ಲ. ಒಂದನೇ ಕಂತು ಪೂರ್ತಿ 2025, ಎರಡನೆಯದು ಪೂರ್ತಿ 1963, ಹೀಗೆ. ನಿರ್ಮಾಣಕ್ಕೆ ಇದರಷ್ಟು ಸಲೀಸಾದದ್ದು ಇಲ್ಲ. ಒಂದು ಕಂತಿನ ನಟರಿಗೂ ಇನ್ನೊಂದರವರಿಗೂ ಕಾಲ್‌ಶೀಟ್ ಹೊಂದಿಸುವ ಕಷ್ಟವಿಲ್ಲ. ದುಡ್ಡು ಕಡಿಮೆಯಾದರೆ ಒಂದು ಕಂತು ಮುಗಿಸಿ, ಅದನ್ನೇ ತೋರಿಸಿ ಮುಂದಿನದಕ್ಕೆ ದುಡ್ಡು ಕೇಳಬಹುದು. ಅಮೆರಿಕದ 'ಅರೆಸ್ಟೆಡ್ ಡೆವಲಪ್‌ಮೆಂಟ್' ಹಾಸ್ಯ ಸರಣಿ ಏಳು ವರ್ಷದ ಮೇಲೆ 2013ರಲ್ಲಿ ನಾಲ್ಕನೇ ಸೀಸನ್ ಮಾಡಿದಾಗ ಎಲ್ಲ ನಟರ ದಿನಾಂಕ ಒಟ್ಟಿಗೆ ಸಿಗಲಿಲ್ಲ. ಹಾಗಾಗಿ ಕಂತಿಗೊಬ್ಬ ಪಾತ್ರವನ್ನು ಹಿಡಿದು, ಅದೇ ಘಟನೆಗಳನ್ನು ಬೇರೆ ಬೇರೆ ಬದಿಯಿಂದ ಮತ್ತೆ ಮತ್ತೆ ಹಾಯುವ 15 ಕಂತು ಮಾಡಿದರು. ಡೇಟ್ಸ್ ಸಮಸ್ಯೆಯೇ ಕಥೆಯ ಕಟ್ಟಾಯಿತು. ಜನಕ್ಕೆ ಅದು ಅಷ್ಟೇನೂ ರುಚಿಸದೆ, 2018ರಲ್ಲಿ ಅದನ್ನೇ ಕಾಲಕ್ರಮದಲ್ಲಿ ಮರುಸಂಕಲನ ಮಾಡಿ 22 ಕಂತಾಗಿ ಬಿಟ್ಟರು ಎಂಬುದನ್ನೂ ಹೇಳಬೇಕು. ಅದರಲ್ಲಿ ನನಗೆ ಕಂಡದ್ದು ಇದು: ಕಂತಿಗೊಂದು ಕಾಲ ಇಟ್ಟರೆ ಆ ಕಂತು ತನ್ನ ಕಾಲ ಮೇಲೆ ತಾನೇ ನಿಲ್ಲಬೇಕು. ಉಳಿದವುಗಳಿಗೆ ಕೀಲಿಯಾಗಿ ಮಾತ್ರ ಇದ್ದರೆ ನೋಡುವವರಿಗೆ ಹೋಂವರ್ಕ್ ಕೊಟ್ಟಂತೆ.

ಮುಚ್ಚಿಟ್ಟ ಕಾಲ, ಅಂದರೆ ಎರಡು ಕಾಲವನ್ನು ಒಂದೇ ಎಂಬಂತೆ ತೋರಿಸಿ ಕೊನೆಗೆ "ಅದು ಮೂವತ್ತು ವರ್ಷದ ಹಿಂದಿನದು" ಎಂದು ಬೆಚ್ಚಿಬೀಳಿಸುವುದು. ಬೇಡ. ವಿವರಿಸಬೇಕೆಂದರೆ, 'ದಿ ವಿಚರ್' ಸರಣಿಯ ಮೊದಲ ಸೀಸನ್ (2019) ದಶಕಗಳ ಅಂತರದ ಮೂರು ಎಳೆಗಳನ್ನು ಪರದೆಯ ಮೇಲೆ ಇಸವಿ ಬರೆಯದೆ ಹೆಣೆಯಿತು. ಮುಖ್ಯ ಪಾತ್ರಗಳಲ್ಲಿ ಇಬ್ಬರಿಗೆ ವಯಸ್ಸಾದದ್ದು ಕಾಣುವುದೇ ಇಲ್ಲವಾದ್ದರಿಂದ ಮುಖ ನೋಡಿಯೂ ಗೊತ್ತಾಗದು. ಬಹಳ ಜನ ಗೊಂದಲಗೊಂಡರು, ಎರಡನೇ ಸೀಸನ್ ಬಹುಮಟ್ಟಿಗೆ ನೇರ ದಾರಿ ಹಿಡಿಯಿತು. ಅವರ ಹಿಂದೆ ಜಗತ್ತಿಡೀ ಓದಿದ ಪುಸ್ತಕಗಳಿದ್ದವು, ಗೊಂದಲವಾದರೂ ಜನ ಕಾದರು. ಹೆಸರೇ ಕೇಳದ ನಮ್ಮ ಸರಣಿಗೆ ಯಾರೂ ಕಾಯುವುದಿಲ್ಲ. ಇನ್ನೊಂದು ಕಾರಣವೂ ಇದೆ. ಕಾಲ ಗೊತ್ತಾಗಬಾರದೆಂದರೆ ಗಾಡಿ, ಫೋನು, ಬೋರ್ಡು ಯಾವುದನ್ನೂ ತೋರಿಸುವ ಹಾಗಿಲ್ಲ. ಮಧ್ಯಯುಗದ ಕೋಟೆಯಲ್ಲಿ ಅದು ಆದೀತು, ಸಾಗರದ ಬಸ್‌ಸ್ಟ್ಯಾಂಡಿನಲ್ಲಿ ಆಗದು.

ಹೆಣೆಯದೆ ಕತ್ತರಿಸುವ ದಾರಿಯೂ ಒಂದಿದೆ. 'ಸಪ್ತ ಸಾಗರದಾಚೆ ಎಲ್ಲೋ' ಸಿನಿಮಾ 2023ರ ಸೆಪ್ಟೆಂಬರ್ ಮತ್ತು ನವೆಂಬರಿನಲ್ಲಿ ಎರಡು ಭಾಗವಾಗಿ ಬಂತು, ನಡುವಿನ ಹತ್ತು ವರ್ಷ ಆ ಸಂದಿಯಲ್ಲಿ ಹೋಯಿತು. ಪ್ರೇಮಕಥೆಗೆ ಈ ಸಂದಿ ಚೆನ್ನ, ಪತ್ತೇದಾರಿಗೆ ಉಪಯೋಗವಿಲ್ಲ.

ಒಬ್ಬ ನಟನೋ ಇಬ್ಬರೋ

ಅಂತರ ಹತ್ತು ಹನ್ನೆರಡು ವರ್ಷದ್ದಾದರೆ ಒಬ್ಬರೇ ಸಾಕು. ಕೂದಲು, ಗಡ್ಡ, ಕನ್ನಡಕ, ನಡಿಗೆ ಬದಲಾದರೆ ಸಾಕಾಗುತ್ತದೆ. ಇಪ್ಪತ್ತು ದಾಟಿದರೆ ಇಬ್ಬರು ಬೇಕೆಂದು ನನ್ನ ಗಟ್ಟಿ ಅಭಿಪ್ರಾಯ. ಮೂವತ್ತರ ನಟಿಗೆ ತೊಂಬತ್ತರ ಮೇಕಪ್ ಮಾಡಿಸುವುದು ಅಗ್ಗದ ದಾರಿಯಂತೆ ಕಂಡರೂ ಅಲ್ಲ. ಮುಖಕ್ಕೆ ಚರ್ಮದಂಥದ್ದನ್ನು ಅಂಟಿಸುವ ಒಳ್ಳೆಯ ಪ್ರಾಸ್ಥೆಟಿಕ್ಸ್‌ಗೆ ದಿನಾ ಬೆಳಗ್ಗೆ ಮೂರು ನಾಲ್ಕು ಗಂಟೆ ಹೋಗುತ್ತದೆ, ಅಷ್ಟೂ ಹೊತ್ತು ಇಡೀ ಯೂನಿಟ್ ಉಪ್ಪಿಟ್ಟು ತಿಂದು ಬಿಸಿಲು ನೋಡುತ್ತಿರುತ್ತದೆ. ಕೆಟ್ಟ ಮೇಕಪ್ ಆದರೆ ಶಾಲಾ ವಾರ್ಷಿಕೋತ್ಸವದ ಬಿಳಿ ಪೌಡರ್ ತಲೆ. ಮಲೆನಾಡಿನ ರಂಗಭೂಮಿಯಲ್ಲಿ ಎಪ್ಪತ್ತರ ಆಚೆಯ ಅಪ್ಪಟ ಕಲಾವಿದರಿದ್ದಾರೆ, ಹೋಗಿ ಕೇಳಿ.

ಇಬ್ಬರಾದಾಗ ಮುಖದ ಹೋಲಿಕೆ ಬೇಕೇ ಬೇಕೆ? ಜರ್ಮನಿಯ 'ಡಾರ್ಕ್' ಸರಣಿಯ ತಂಡ 33 ವರ್ಷಗಳ ಅಂತರದ 1953, 1986, 2019ಕ್ಕೆ ಒಂದೇ ಪಾತ್ರದ ಬೇರೆ ಬೇರೆ ವಯಸ್ಸಿಗೆ ಎಷ್ಟು ಹೋಲುವ ನಟರನ್ನು ಹುಡುಕಿತೆಂದರೆ, ಹೆಸರು ಹೇಳುವ ಮೊದಲೇ ಗುರುತು ಸಿಗುತ್ತದೆ. ನಮಗೆ ಅಷ್ಟು ದೊಡ್ಡ ಆಡಿಷನ್ ಸಾಧ್ಯವಿಲ್ಲ. ಅದರ ಬದಲು ಒಂದು ಚಟ ಕೊಡಿ. ಎಲೆ ಹಾಕುವ ಮುಂಚೆ ತೊಟ್ಟು ಮುರಿದು ಎಡಕ್ಕೆ ಎಸೆಯುವ ರೀತಿ, ಮಾತು ಶುರು ಮಾಡುವ ಮುಂಚಿನ ಒಂದು "ಹೂಂ". ಇಬ್ಬರು ನಟಿಯರನ್ನೂ ಶೂಟಿಂಗಿಗೆ ಮುಂಚೆ ಎರಡು ದಿನ ಒಟ್ಟಿಗೆ ಕೂರಿಸಿ, ಒಬ್ಬರದನ್ನು ಇನ್ನೊಬ್ಬರು ಕದಿಯಲಿ. ಆ ಎರಡು ದಿನದ ಬಾಟಾ (ದಿನಭತ್ಯೆ) ಉಳಿಸಲು ಹೋದ ತಂಡಗಳು ಆಮೇಲೆ ಪರದೆಯ ಮೇಲೆ "ಯುವ ಗಂಗಮ್ಮ" ಎಂದು ಬರೆಸಿದ್ದನ್ನು ಕಂಡಿದ್ದೇನೆ.

ಇದು ಯಾವ ಕಾಲ ಅಂತ ಹೇಗೆ ಹೇಳುವುದು

ಅತಿ ಸುಲಭದ್ದು ಇಸವಿ ಬರೆಯುವುದು. ಅದನ್ನು ಅವಮಾನ ಎಂದು ತಿಳಿಯುವ ನಿರ್ದೇಶಕರಿದ್ದಾರೆ. ನಾನಂತೂ ಮೊದಲೆರಡು ಕಂತುಗಳಲ್ಲಿ ಪ್ರತಿ ಸಲವೂ ಬರೆಸುತ್ತೇನೆ, ಆಮೇಲೆ ನಿಲ್ಲಿಸುತ್ತೇನೆ. ಮೊಬೈಲಿನಲ್ಲಿ, ಬಸ್ಸಿನಲ್ಲಿ, ಅರ್ಧ ಗಮನದಲ್ಲಿ ನೋಡುವವರೇ ಹೆಚ್ಚು. ಅಕ್ಷರ ದೊಡ್ಡದಿರಲಿ, ಮೂಲೆಯಲ್ಲಿ ಚುಕ್ಕಿಯಂತೆ ಬೇಡ.

ಬಣ್ಣದಿಂದ ಹೇಳುವುದು ಎರಡನೆಯದು. ಹಳೆಯದೆಂದರೆ ಹಳದಿ, ಮಸುಕು ಎಂಬ ರೂಢಿ ನೋಡಿ ನೋಡಿ ಸಾಕಾಗಿದೆ. ಕಾಲದ ಮೇಲೆ ಬಳಿದ ಬಣ್ಣಕ್ಕಿಂತ ಪಾತ್ರದ ಬದುಕಿಗೆ ಅಂಟಿದ ಬಣ್ಣ ಬಲವಾದದ್ದು. 2013ರ ಕನ್ನಡ ಸಿನಿಮಾ 'ಲೂಸಿಯಾ' ಎರಡು ಬದುಕುಗಳಲ್ಲಿ ಒಂದನ್ನು ಬಣ್ಣದಲ್ಲೂ ಇನ್ನೊಂದನ್ನು ಕಪ್ಪು ಬಿಳುಪಿನಲ್ಲೂ ಇಟ್ಟಿತು. ಯಾವುದಕ್ಕೆ ಬಣ್ಣ ಎಂಬ ನಮ್ಮ ಊಹೆಯನ್ನೇ ಆಮೇಲೆ ತಿರುಗಿಸಿತು. ಬಣ್ಣವೂ ಕಥೆ ಹೇಳಿದ್ದು ಹಾಗೆ. ಖರ್ಚು? ಡಿಐ, ಅಂದರೆ ಬಣ್ಣ ತಿದ್ದುವ ಕೆಲಸ, ಮಾಡುವವರ ಸಮಯವಷ್ಟೇ. ಫ್ರೇಮಿನ ಅಳತೆ ಬದಲಿಸುವುದೂ, ಅಂದರೆ 1963ಕ್ಕೆ ಹಳೆಯ ಟಿವಿಯ ನಾಲ್ಕಕ್ಕೆ ಮೂರರ ಚೌಕ ಕೊಡುವುದೂ ಬಿಟ್ಟಿ. ಅದರಲ್ಲಿ ಇನ್ನೊಂದು ಲಾಭ ಅಡಗಿದೆ: ಎರಡೂ ಬದಿ ಕತ್ತರಿಸಿದಾಗ ಅಕ್ಕಪಕ್ಕದ ಮೊಬೈಲ್ ಟವರ್, ತಗಡಿನ ಶೆಡ್ಡು ಫ್ರೇಮಿನ ಹೊರಗೆ ಹೋಗುತ್ತವೆ.

ಆದರೆ ನಿಜವಾಗಿ ಕಾಲ ಹೇಳುವುದು ವಸ್ತುಗಳು, ಕೈಕೊಡುವವೂ ಅವೇ. 1963ರಲ್ಲಿ ಕಚೇರಿಯ ಬೋರ್ಡಿನ ಮೇಲೆ ಕರ್ನಾಟಕ ಎಂದು ಬರೆದರೆ ತಪ್ಪು, 1973ರ ನವೆಂಬರ್ 1ರವರೆಗೆ ನಮ್ಮದು ಮೈಸೂರು ರಾಜ್ಯ. ಲಾರಿಗೆ 'ಕೆಎ' ನಂಬರ್ ಹಾಕುವ ಹಾಗಿಲ್ಲ, ಅದು ಬಂದದ್ದು ಹೊಸ ಮೋಟಾರು ವಾಹನ ಕಾಯ್ದೆ 1989ರಲ್ಲಿ ಜಾರಿಯಾದ ಮೇಲೆ. ನಯಾ ಪೈಸೆ 1957ರಲ್ಲೇ ಬಂದಿದ್ದರೂ 1963ರ ಅಜ್ಜಿ ಇನ್ನೂ ಆಣೆಯ ಲೆಕ್ಕದಲ್ಲೇ ಮಾತಾಡುತ್ತಾಳೆ. ಇದನ್ನು ಸಂಭಾಷಣೆಯಲ್ಲಿ ಬಳಸಿದರೆ ಕಾಸಿಲ್ಲದೆ ಕಾಲ ಸಿಗುತ್ತದೆ. 1994ರಲ್ಲಿ ಯಾರ ಕೈಯಲ್ಲೂ ಮೊಬೈಲ್ ಇರಬಾರದು, ದೇಶದಲ್ಲಿ ಆ ಸೇವೆ ಶುರುವಾದದ್ದು 1995ರ ಜುಲೈ ಕೊನೆಗೆ. ಆಗಿನದು ಹಳದಿ ಎಸ್‌ಟಿಡಿ ಬೂತು. ರೂಪಾಯಿಯ ₹ ಚಿಹ್ನೆ 2010ಕ್ಕಿಂತ ಮುಂಚೆ ಎಲ್ಲೂ ಇಲ್ಲ, ಅಂಗಡಿಯ ದರಪಟ್ಟಿಯಲ್ಲಿ ಹುಡುಗರು ಅಭ್ಯಾಸಬಲದಿಂದ ಬರೆದುಬಿಡುತ್ತಾರೆ. ನಮ್ಮ ಒಂದು ದೃಶ್ಯದಲ್ಲಿ ಎಂಬತ್ತರ ದಶಕದ ಅಂಗಳದ ಮೂಲೆಯಲ್ಲಿ ಎಚ್‌ಎಸ್‌ಆರ್‌ಪಿ ಎಂಬ ಈಚಿನ ನಂಬರ್ ಪ್ಲೇಟಿನ ಬೈಕು ನಿಂತಿತ್ತು, ಪ್ರೊಡಕ್ಷನ್ ಹುಡುಗನದೇ. ಎಡಿಟಿಂಗ್‌ನಲ್ಲಿ ಕಂಡಿತು. ಶಾಟನ್ನು ಹಿಗ್ಗಿಸಿ ಬೈಕನ್ನು ಹೊರದಬ್ಬಿದೆವು, ಜೊತೆಗೆ ನಟಿಯ ಕೈಯೂ ಅರ್ಧ ಹೋಯಿತು.

ಸದ್ದಿನ ಬಗ್ಗೆ ಜನ ತೀರ ಕಡಿಮೆ ಯೋಚಿಸುತ್ತಾರೆ. ಸಿಂಕ್ ಸೌಂಡ್, ಅಂದರೆ ಶೂಟಿಂಗ್ ಹೊತ್ತಲ್ಲೇ ಮಾತು ಹಿಡಿಯುವುದು, ಚೆನ್ನ, ನಿಜ. ಆದರೆ ಹಳೆಯ ಕಾಲದ ದೃಶ್ಯಕ್ಕೆ ಊರ ಹೊರಗಿನ ಜೆಸಿಬಿ, ಬೈಕು, ಅಡಿಕೆ ಸುಲಿಯುವ ಯಂತ್ರ ಎಲ್ಲ ಶತ್ರುಗಳೇ. ನಾನು ಆರಿಸುವುದು ಬೆರಕೆ ದಾರಿ: ವರ್ತಮಾನಕ್ಕೆ ಸಿಂಕ್ ಸೌಂಡ್, 1963ಕ್ಕೆ ಗೈಡ್ ಟ್ರ್ಯಾಕ್ (ಶೂಟಿಂಗಿನ ಕಚ್ಚಾ ಧ್ವನಿ) ಇಟ್ಟುಕೊಂಡು ಡಬ್ಬಿಂಗ್. ಡಬ್ಬಿಂಗಿನ ಆ ಚೂರು ದೂರ, ಗಾಜಿನಾಚೆಯಿಂದ ಕೇಳಿದ ಹಾಗಿರುವುದು, ಹಳೆಯ ಕಾಲಕ್ಕೆ ಒಗ್ಗುತ್ತದೆ. ಬಾಯಿ ಮತ್ತು ಮಾತು ಹೊಂದದಿದ್ದರೆ ಮಾತ್ರ ಎಲ್ಲ ಹಾಳು. ಹಾಗಾಗಿ ಅದೇ ಸೀಮೆಯ ಮಾತು ಬಲ್ಲ ನಟರೇ ಡಬ್ ಮಾಡಬೇಕು. ಬೆಂಗಳೂರಿನ ಸ್ಟುಡಿಯೋದಲ್ಲಿ ಸಿಕ್ಕವರ ಕೈಲಿ ಹೇಳಿಸಿದ ಸಾಗರದ ಮಾತನ್ನು ಸಾಗರದವರು ಎರಡು ನಿಮಿಷದಲ್ಲಿ ಹಿಡಿಯುತ್ತಾರೆ.

ಶೆಡ್ಯೂಲ್: ಕಾಲ ಹಿಡಿದೋ, ಜಾಗ ಹಿಡಿದೋ

ಒಟ್ಟು 150 ನಿಮಿಷ. ವರ್ತಮಾನದ ದೃಶ್ಯಗಳನ್ನು ಸಣ್ಣ ಯೂನಿಟ್ ದಿನಕ್ಕೆ ಐದು ನಿಮಿಷದಷ್ಟು ಮುಗಿಸುತ್ತದೆ ಎನ್ನೋಣ. 1994ರದ್ದು ನಾಲ್ಕು, 1963ರದ್ದು ಎರಡೂವರೆ. ಇಡೀ ಕಥೆ ಇವತ್ತಿನದಾದರೆ 30 ದಿನ. 1963ಕ್ಕೆ 30 ನಿಮಿಷ ಕೊಟ್ಟರೆ ಅದಕ್ಕೆ 12 ದಿನ, ಉಳಿದ 120 ನಿಮಿಷಕ್ಕೆ 24, ಒಟ್ಟು 36. ಮೇಲೆ 1994ಕ್ಕೂ 40 ನಿಮಿಷ ಕೊಟ್ಟರೆ 12, 10, 16, ಒಟ್ಟು 38. "ನೋಡಿ ಸಾರ್, ಮೂರನೇ ಕಾಲಕ್ಕೆ ಎರಡೇ ದಿನ ಜಾಸ್ತಿ!" ಎಂದು ಬರಹಗಾರ ಕುಣಿಯುವುದು ಇಲ್ಲೇ.

ಶೂಟಿಂಗ್ ದಿನದ ಲೆಕ್ಕ ಮೋಸ ಮಾಡುತ್ತದೆ. ಕ್ಯಾಮೆರಾ ಬರುವ ಮುಂಚೆ ಆರ್ಟ್ ಡಿಪಾರ್ಟ್‌ಮೆಂಟ್ ಮನೆ ಸಿದ್ಧ ಮಾಡುವ ದಿನಗಳು ಅದರಲ್ಲಿಲ್ಲ. ಮೂರನೇ ಸಲ ಬಟ್ಟೆ ಹೊಲಿಸುವುದು, ಅದೇ ಪಾತ್ರಕ್ಕೆ ಇನ್ನೊಬ್ಬ ನಟ, ಅದೇ ಮನೆಗೆ ಮತ್ತೊಮ್ಮೆ ಸುಣ್ಣ, ಮನೆಯವರಿಗೆ ಮತ್ತೆ ಬಾಡಿಗೆ, ಯಾವುದೂ ಇಲ್ಲ. ಕಾಲ ಒಂದು ಹೆಚ್ಚಾದಾಗ ಏರುವುದು ದಿನದ ಸಂಖ್ಯೆಗಿಂತ ಹೆಚ್ಚಾಗಿ ಆ ದಿನದ ಬೆಲೆ.

ಜಾಗ ಹಿಡಿದು ಶೂಟ್ ಮಾಡಿದರೆ ಒಂದೇ ಮನೆಯಲ್ಲಿ ಬೆಳಗ್ಗೆ 2025, ಮಧ್ಯಾಹ್ನ 1963. ಪ್ರಯಾಣ ಉಳಿಯುತ್ತದೆ, ತಲೆ ಕೆಡುತ್ತದೆ. ಕಾಲ ಹಿಡಿದು ಮಾಡಿದರೆ ದೃಶ್ಯದಿಂದ ದೃಶ್ಯಕ್ಕೆ ಹೊಂದಿಕೆ (ಕಂಟಿನ್ಯುಟಿ) ನೋಡುವ ಅಸಿಸ್ಟೆಂಟ್ ರಾತ್ರಿ ನಿದ್ದೆ ಮಾಡುತ್ತಾನೆ, ಆದರೆ ಅದೇ ಜಾಗಕ್ಕೆ ಎರಡು ಸಲ ಹೋಗಬೇಕು. ಮನೆಯೊಳಗಿನ ದೃಶ್ಯಗಳಿಗೆ ನಾನು ಕಾಲ ಹಿಡಿಯುತ್ತೇನೆ, ಮೊದಲು 2025, ಆಮೇಲೆ 1963. ಹಾಗೇಕೆಂದರೆ ಸ್ವಿಚ್‌ಬೋರ್ಡು, ಟೈಲ್ಸು, ಕಿಟಕಿಯ ಗ್ರಿಲ್ಲು ಎಲ್ಲ ಇದ್ದ ಹಾಗೇ ಶೂಟ್ ಮಾಡಿ ಆಮೇಲೆ ಕಿತ್ತು ಮುಚ್ಚುವುದು ಸುಲಭ. ತಿರುಗಿಸಿದರೆ ಮುಚ್ಚಿದ್ದನ್ನು ಮತ್ತೆ ತೆರೆದು, ಮನೆಯವರ ಕಣ್ಣೆದುರು ಬಣ್ಣ ಒರೆಸುತ್ತ ಕೂರಬೇಕು.

ಹೊರಾಂಗಣದಲ್ಲಿ ನೀವು ಆರಿಸುವುದಿಲ್ಲ, ಮಳೆ ಆರಿಸುತ್ತದೆ. ಹಿರೇಭಾಸ್ಕರ ಅಣೆಕಟ್ಟೆ ಮೇಲೆ ಕಾಣಬೇಕೆಂದರೆ ಬೇಸಿಗೆಯ ಕೊನೆ, ನೀರು ತಳ ಕಂಡ ವರ್ಷ. ಊರು ಮುಳುಗುವ ದೃಶ್ಯಕ್ಕೆ ತುಂಬಿದ ನೀರು ಬೇಕು, ಅದು ಮಳೆಗಾಲ ಬಲಿತ ಮೇಲೆ. ಒಂದೇ ಶೆಡ್ಯೂಲಿನಲ್ಲಿ ಎರಡೂ ಸಿಗುವುದಿಲ್ಲ. 1994ರ ಲಾಂಚಿನ ದೃಶ್ಯಕ್ಕೆ ಈಗ ಹೊಸ ತಕರಾರು: 2025ರ ಜುಲೈ 14ರಂದು ಸಿಗಂದೂರು ಸೇತುವೆ ಉದ್ಘಾಟನೆಯಾಗಿದೆ. ಲಾಂಚು ಹತ್ತುವ ಹೊಳೆಬಾಗಿಲಿನ ಕಡೆ ಕ್ಯಾಮೆರಾ ಅಗಲಕ್ಕೆ ತೆರೆದರೆ ಎರಡು ಕಿಲೋಮೀಟರಿಗೂ ಮಿಕ್ಕಿದ ಸೇತುವೆ ಫ್ರೇಮಿಗೆ ಬಂದು ಕೂರುತ್ತದೆ. ವಿಎಫ್‌ಎಕ್ಸ್‌ನಲ್ಲಿ ಅಳಿಸಬಹುದು, ಪ್ರತಿ ಶಾಟಿಗೂ ದುಡ್ಡು. ಇಲ್ಲವೇ ಲಾಂಚಿನ ಒಳಗೆ, ಕಂಬಿ ಹಿಡಿದ ಕೈಗಳ ಮೇಲೆ, ನೀರಿನ ಮೇಲೆ ಕ್ಯಾಮೆರಾ ಇಟ್ಟು, ಇಂಜಿನ್ನಿನ ಸದ್ದಿನಲ್ಲಿ ಮುಗಿಸಬಹುದು. ಎರಡನೆಯದರಲ್ಲಿ ಉಸಿರುಗಟ್ಟುವ ಭಾವವೂ ಬರುತ್ತದೆ, ಮನೆ ಸೇರದ ಮಗನ ಕಥೆಗೆ ಅದು ಬೇಕಾದದ್ದೇ. ಅಣೆಕಟ್ಟಿನ ಹತ್ತಿರ, ಕಾಡಿನ ಅಂಚಿನಲ್ಲಿ ಡ್ರೋನ್ ಎತ್ತುವ ಮುಂಚೆ ಅನುಮತಿ ಪತ್ರ ಕೈಯಲ್ಲಿರಲಿ, ಬಾಯಿಮಾತಿನ "ಆಯ್ತು ಮಾಡ್ಕಳಿ" ಸಾಲದು.

ಬರೆಯುವ ಸಾಧನ

ಇದರ ಬಗ್ಗೆ ಬೇಕಾದ್ದಕ್ಕಿಂತ ಹೆಚ್ಚು ಚರ್ಚೆ ನಡೆಯುತ್ತದೆ. ಗೋಡೆಗೆ ಅಂಟಿಸಿದ ಮೂರು ಬಣ್ಣದ ಚೀಟಿ ಯಾವ ಸಾಫ್ಟ್‌ವೇರಿಗೂ ಕಡಿಮೆಯಲ್ಲ. ಜೊತೆಗೆ ಒಂದು ಗೂಗಲ್ ಶೀಟ್: ದೃಶ್ಯ ಸಂಖ್ಯೆ, ಇಸವಿ ಮತ್ತು ತಿಂಗಳು, ಆ ದಿನ ಪ್ರತಿ ಪಾತ್ರದ ವಯಸ್ಸು, ಆ ಕ್ಷಣಕ್ಕೆ ಯಾರಿಗೆ ಏನು ಗೊತ್ತು, ನೋಡುವವರಿಗೆ ಏನು ಗೊತ್ತು. ಕೊನೆಯ ಎರಡು ಕಾಲಂ ಬಿಟ್ಟರೆ ಉಳಿದದ್ದು ಯಾರಾದರೂ ಮಾಡುತ್ತಾರೆ. ದೃಶ್ಯ ಸಂಖ್ಯೆಗೆ ಕಾಲದ ಗುರುತು ಸೇರಿಸಿ, 'ಅ 12' ಎಂದರೆ ಅಜ್ಜಿಯದು, 'ಮ 7' ಎಂದರೆ ಮಗನದು. ಎಡಿಟರ್ ನಿಮ್ಮ ಹೆಸರಲ್ಲಿ ದೀಪ ಹಚ್ಚುತ್ತಾರೆ. ಕನ್ನಡದಲ್ಲಿ ಟೈಪ್ ಮಾಡುವವರು ಯೂನಿಕೋಡ್‌ನಲ್ಲೇ ಮಾಡಿ. ಹಳೆಯ ನುಡಿ ಫಾಂಟಿನ ಚಿತ್ರಕಥೆಯನ್ನು ಕ್ಯಾಮೆರಾಮನ್ ಫೋನಿನಲ್ಲಿ ತೆರೆದರೆ ಬೆಳಗ್ಗೆ ಐದೂವರೆಗೆ ಬರೀ ಸೊಟ್ಟ ಗೀಟು ಕಾಣುತ್ತದೆ.

ಮೊದಲ ಎಡಿಟ್ ಆದಮೇಲೆ ಸಿನಿಮಾದವರಲ್ಲದ ನಾಲ್ಕೈದು ಜನರನ್ನು ಕೂರಿಸಿ. ಮಧ್ಯೆ ಮಧ್ಯೆ ನಿಲ್ಲಿಸಿ "ಇದು ಯಾವ ಕಾಲ?" ಎಂದು ಮಾತ್ರ ಕೇಳಿ, ಹೇಗಿದೆ ಎಂದು ಕೇಳಬೇಡಿ. ನಮ್ಮ ಅತ್ತಿಗೆ ಎರಡನೇ ಕಂತಿನ ನಡುವೆ "ಈ ಅಜ್ಜ ಆಗ್ಲೇ ಸತ್ತಿದ್ನಲ್ಲಾ?" ಎಂದರು. ತಂಡದಲ್ಲಿ ಹನ್ನೊಂದು ಜನ ಅದನ್ನು ನಲವತ್ತು ಸಲ ನೋಡಿದ್ದೆವು, ಒಬ್ಬರಿಗೂ ಹೊಳೆದಿರಲಿಲ್ಲ.

ಎಲ್ಲಿ ಬಿಡುವುದು

ಬಿಡುವ ಜಾಗ ಕಟ್ಟನ್ನು ಬದಲಿಸುತ್ತದೆ, ಅದಕ್ಕೇ ಇಲ್ಲಿ ಹೇಳುತ್ತಿದ್ದೇನೆ. ಯೂಟ್ಯೂಬಿನಲ್ಲಿ ವಾರಕ್ಕೊಂದು ಕಂತು ಬಿಡುವುದಾದರೆ ಏಳು ದಿನದಲ್ಲಿ ಯಾವ ಕಾಲದ ಯಾವ ಎಳೆಯೂ ನೆನಪಿರುವುದಿಲ್ಲ, ಅಲ್ಲಿ ಚೌಕಟ್ಟು ಅಥವಾ ಕಂತಿಗೊಂದು ಕಾಲವೇ ಸರಿ. ಎಲ್ಲ ಕಂತೂ ಒಂದೇ ದಿನ ಸಿಗುವ ಒಟಿಟಿಯಾದರೆ ಜಡೆ ನಿಲ್ಲುತ್ತದೆ. ಆದರೆ ಕನ್ನಡದ ಸರಣಿಗಳಿಗೆ ಒಟಿಟಿ ಬಾಗಿಲು ಎಷ್ಟು ಸಣ್ಣದೆಂದು ಗೊತ್ತೇ ಇದೆ. ಏಳು ಕಥೆಗಳ ಕನ್ನಡ ಸರಣಿ 'ಏಕಂ' ಮುಗಿದ ಮೇಲೂ ಒಟಿಟಿಗಳು ಕೈಹಿಡಿಯದೆ, 2024ರ ಜುಲೈನಲ್ಲಿ ತನ್ನದೇ ಜಾಲತಾಣದಲ್ಲಿ 149 ರೂಪಾಯಿಗೆ ಬಿಡುಗಡೆಯಾಯಿತು. ಸ್ವಂತ ತಾಣದ ದಾರಿ ಹಿಡಿದರೆ ಮೊದಲ ಕಂತು ಬಿಟ್ಟಿ ಕೊಡಬೇಕಾಗಿ ಬರಬಹುದು. ಆ ಒಂದು ಕಂತಿನಲ್ಲೇ ಎಲ್ಲ ಕಾಲಗಳ ರುಚಿಯೂ ಸಿಗಬೇಕು, ಕಂತಿಗೊಂದು ಕಾಲ ಇಟ್ಟವರಿಗೆ ಇಲ್ಲಿ ಕಷ್ಟ. ಜನರಿಂದ ದುಡ್ಡು ಸೇರಿಸುವುದಾದರೆ 'ಲೂಸಿಯಾ'ಕ್ಕೆ ನೂರಕ್ಕೂ ಹೆಚ್ಚು ಮಂದಿ ಸೇರಿ ಸುಮಾರು 50 ಲಕ್ಷ ಕೊಟ್ಟ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಅದು ಒಂದು ಸಿನಿಮಾ, ಒಂದು ಟಿಕೆಟ್ಟು. ಸರಣಿಗೆ ಅದೇ ಉತ್ಸಾಹ ಕಟ್ಟಿಟ್ಟದ್ದಲ್ಲ.

ಒಟಿಟಿ ಸರಣಿಗೆ ಸೆನ್ಸಾರ್ ಪತ್ರ ಬೇಡ, 2021ರ ಐಟಿ ನಿಯಮಗಳ ಪ್ರಕಾರ ಪ್ರಕಾಶಕರೇ ವಯೋಮಿತಿಯ ದರ್ಜೆ ಕೊಡಬೇಕು. 1963ರ ಕಥೆ ಬರೆಯುವವರು ಮರೆಯುವ ಒಂದು ಸಂಗತಿ ಬೀಡಿ. 2023ರ ಸೆಪ್ಟೆಂಬರ್ 1ರಿಂದ ಒಟಿಟಿಯಲ್ಲೂ ತಂಬಾಕು ಕಾಣುವ ದೃಶ್ಯದುದ್ದಕ್ಕೂ ಕೆಳಗೆ ಎಚ್ಚರಿಕೆಯ ಸಾಲು ಬೇಕು, ಜೊತೆಗೆ ಆರಂಭದಲ್ಲಿ ಮತ್ತು ಮಧ್ಯದಲ್ಲಿ ಆರೋಗ್ಯದ ತುಣುಕು. ಅಳುವ ದೃಶ್ಯದ ಕೆಳಗೆ ಆ ಸಾಲು ಓಡಬಾರದೆಂದರೆ ಅಜ್ಜನ ಕೈಗೆ ಬೀಡಿಯ ಬದಲು ಅಡಿಕೆ ಕತ್ತರಿ ಕೊಡಿ.

ಈ ಹಿನ್ನೀರಿನ ಕಥೆ ನನ್ನ ಕೈಗೆ ಬಂದರೆ? 1994ನ್ನು ಕಿತ್ತುಹಾಕುತ್ತೇನೆ. ಮಗ ಕಾಣೆಯಾದದ್ದನ್ನು ಯಾರೂ ಕಣ್ಣಾರೆ ಕಂಡಿಲ್ಲ, ನಾವೂ ಕಾಣಬೇಕಿಲ್ಲ. ಲಾಂಚಿನ ಆ ಒಂದು ದೃಶ್ಯ ಮಾತ್ರ ಇರಲಿ, ಪ್ರತಿ ಕಂತಿನಲ್ಲೂ ಬೇರೆಯವರ ಬಾಯಲ್ಲಿ ಬೇರೆ ಥರ ಬರಲಿ. ಅಜ್ಜಿಯ ಚೌಕಟ್ಟು, ಸುಳ್ಳು ಹೇಳುವ ಅಜ್ಜಿ. ಐದನೇ ಕಂತು ಬಿಟ್ಟರೆ 1963ಕ್ಕೆ ಇಪ್ಪತ್ತೇ ನಿಮಿಷ, ಮನೆ, ಅಂಗಳ, ಒಂದು ಲಾರಿ, ರಸ್ತೆ ಇಲ್ಲವೇ ಇಲ್ಲ. ಲಾರಿಯ ಬಾಡಿಗೆ ಎರಡು ದಿನಕ್ಕೆ. ಐದನೇ ಕಂತು ಮಾತ್ರ ಪೂರ್ತಿ ಅವಳದೇ ಕಾಲ, ಮೊಮ್ಮಗಳು ಒಮ್ಮೆಯೂ ಬರುವುದಿಲ್ಲ. ಬರವಣಿಗೆ ಡಿಸೆಂಬರಿಗೆ ಮುಗಿದು, ಜನವರಿಯಲ್ಲಿ ನಟಿಯರಿಬ್ಬರು ಒಟ್ಟಿಗೆ ಕೂತು, ಮೇ ತಿಂಗಳ ಎರಡನೇ ವಾರ ಮಡೆನೂರಿನ ಕಡೆ ಯೂನಿಟ್ ಇಳಿಯಬೇಕು. ಆ ವರ್ಷ ನೀರು ಇಳಿಯದೇ ಹೋದರೆ ಕಟ್ಟೆಯ ದೃಶ್ಯವನ್ನು ಮುಂದಿನ ಮೇಗೆ ಇಟ್ಟು, ಮನೆಯೊಳಗಿನದನ್ನು ಮುಗಿಸಿಕೊಂಡು ಬರುವುದು. ಆ ವರ್ಷಕ್ಕಾಗಿ ಮೊಮ್ಮಗಳ ಪಾತ್ರಧಾರಿಗೆ ಕೂದಲು ಕತ್ತರಿಸಬೇಡಿ ಎಂದು ಈಗಲೇ ಕರಾರಿನಲ್ಲಿ ಬರೆಸಿಕೊಳ್ಳಬೇಕು.